ಅಂಗೈಯ ಅಂಟು

ತಂಬಾಕಿನ ಚಟಕ್ಕೆ ಬೀಳಬೇಡಿ ಅಂತ ಶಾಲೆ ಶಾಲೆಗೂ ಹೋಗಿ ಮಕ್ಕಳಿಗೆ ಹೇಳುವುದು ನನ್ನ ಕೆಲಸ. ಅವತ್ತು ಕಂಪಲಾಪುರದ ಕಡೆಗೆ ಬೈಕಿನಲ್ಲಿ ಹೊರಟಿದ್ದೆ. ಹುಣಸೂರು ದಾಟಿದ್ದೇ ತಡ, ಮುಂದಿನ ರಸ್ತೆಯೇ ಕಾಣದಂಥ ಮಳೆ. ಪಕ್ಕದ ಹೊಲದಲ್ಲಿ ಹೊಗೆಯಾಡುತ್ತಿದ್ದ ಬ್ಯಾರನ್ ಒಂದು ಕಂಡಿತು. ಹೊಗೆಸೊಪ್ಪನ್ನು ಕಾವು ಕೊಟ್ಟು ಹದ ಮಾಡುವ ಮನೆ ಅದು. ಅದರ ಸೂರಿನಡಿ ನುಗ್ಗಿದೆ.

ಅಲ್ಲಿ ಅಜ್ಜಿಯೊಬ್ಬರು ಸೊಸೆಯ ಜೊತೆ ಕೂತು ಹಸಿ ಎಲೆಗಳನ್ನು ಉದ್ದನೆಯ ಕಡ್ಡಿಗೆ ದಾರದಲ್ಲಿ ಕಟ್ಟುತ್ತಿದ್ದರು.

"ಅಂಗೇ ನಿಂತ್ರೆ ಜ್ವರ ಬತ್ತದೆ ಕಣಪ್ಪ. ಒಲೆ ತಾವ ಕುತ್ಕೋ ಬಾ," ಅಂದರು ಅಜ್ಜಿ. ನನ್ನ ಅಂಗಿಯನ್ನು ಉರಿಯ ಮುಂದೆ ಹರವಿ, ಹೊದೆಯಲು ಟವೆಲ್ಲು ಕೊಟ್ಟರು. ಕಾಫಿಯೂ ಬಂತು. ಆಮೇಲೆ, "ಸುಮ್ನೆ ಕುಂತ್ರೆ ಒತ್ತು ಓಗಾಕಿಲ್ಲ," ಅಂತ ಒಂದು ಕಡ್ಡಿಯನ್ನು ನನ್ನ ತೊಡೆಯ ಮೇಲಿಟ್ಟರು.

ನನ್ನ ಕೆಲಸ ಏನೆಂದು ಹೇಳುವ ಧೈರ್ಯ ಬರಲಿಲ್ಲ. ಅಷ್ಟು ಬೆಚ್ಚಗಿನ ಒಲೆಯ ಮುಂದೆ ಯಾರಿಗೆ ತಾನೇ ಬಂದೀತು? ಕಟ್ಟತೊಡಗಿದೆ. ಅಜ್ಜಿ ನನ್ನ ಕಡ್ಡಿ ಎತ್ತಿ ನೋಡಿ ಬಿದ್ದು ಬಿದ್ದು ನಕ್ಕರು.

"ಇಂಗ್ ಕಟ್ಟುದ್ರೆ ಎಲ್ಲಾ ಬ್ಯಾರನ್ ಒಳಗೇ ಉದುರೋಯ್ತದೆ, ಬುಡಪ್ಪ!"

ಮಳೆ ನಿಂತ ಮೇಲೆ, ಒಣಗಿದ ಅಂಗಿ ತೊಟ್ಟು ಶಾಲೆ ಸೇರಿದೆ. "ಮಕ್ಕಳೇ, ತಂಬಾಕು..." ಅಂತ ಜೋರಾಗಿ ಹೇಳುತ್ತಾ ಎರಡೂ ಕೈ ಎತ್ತಿದೆ. ಹಸಿ ಸೊಪ್ಪಿನ ಅಂಟು ಹತ್ತಿ ಎರಡೂ ಅಂಗೈ ಕಪ್ಪಗಾಗಿದ್ದವು. ಮುಂದಿನ ಸಾಲಿನ ಹುಡುಗಿ ಅದನ್ನೇ ನೋಡುತ್ತಾ ಎದ್ದು ನಿಂತಳು.

"ಸಾರ್, ಎಷ್ಟು ಕಡ್ಡಿ ಕಟ್ಟುದ್ರಿ?"

"ನಾಲ್ಕು," ಅಂದೆ.

"ನಾಲ್ಕೇನಾ?" ಅಂತ ಇಡೀ ತರಗತಿ ನಕ್ಕಿತು.

ಆ ನಾಲ್ಕನ್ನೂ ಅಜ್ಜಿ ಬಿಚ್ಚಿ ಮತ್ತೆ ಕಟ್ಟಿದ್ದನ್ನು ಮಾತ್ರ ನಾನು ಬಾಯಿಬಿಡಲಿಲ್ಲ.