ಕ್ಯಾಸೆಟ್ಟಿನೊಳಗಿನ ಚಿತ್ರ

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ರಾಯಚೂರಿನ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ನನ್ನ ಗಂಡ ಹೈದರಾಬಾದಿನಿಂದ ಹಳೆಯದೊಂದು ಕಂಪ್ಯೂಟರ್ ತಂದಿದ್ದರು. ನೋಡಲು ಬರೀ ಕೀಲಿಗಳ ಹಲಗೆ, ಟೀವಿಗೆ ಜೋಡಿಸಬೇಕು. ಕರೆಂಟು ಹೋದರೆ ಅದಕ್ಕೆ ಎಲ್ಲವೂ ಮರೆತುಹೋಗುತ್ತಿತ್ತು. ಹಾಗಾಗಿ ಮಾಡಿದ್ದನ್ನು ಟೇಪ್‌ರೆಕಾರ್ಡರಿನ ಕ್ಯಾಸೆಟ್ಟಿಗೆ ತುಂಬಿಸಿಟ್ಟು, ಬೇಕಾದಾಗ ಮತ್ತೆ ಓದಿಸಬೇಕಿತ್ತು.

ನಮ್ಮ ಒಬ್ಬಳೇ ಮಗಳಿಗೆ ಆಗ ಎಂಟು ವರ್ಷ. ಬೇಸಿಗೆಯೆಲ್ಲ ಅಪ್ಪನ ಪಕ್ಕ ಕೂತು, ಚುಕ್ಕಿಗೆ ಚುಕ್ಕಿ ಸೇರಿಸಿ ಒಂದು ಚಿತ್ರ ಬರೆದಳು. ಮನೆಯ ಮುಂದೆ ನಾವು ಮೂವರು. ಅವಳೇ ಎಲ್ಲರಿಗಿಂತ ಎತ್ತರ. ಒಂದು ಕೆಟ್ಟರೆ ಇನ್ನೊಂದಿರಲಿ ಎಂದು ಇವರು ಅದನ್ನು ಎರಡು ಕ್ಯಾಸೆಟ್ಟಿಗೆ ತುಂಬಿಸಿದರು. ಒಂದನ್ನು ಅವಳು ದೇವದುರ್ಗಕ್ಕೆ, ನನ್ನ ತವರಿಗೆ ಒಯ್ದಳು. ಅಲ್ಲಿ ಕಂಪ್ಯೂಟರ್ ಎಲ್ಲಿಂದ ಬರಬೇಕು? ಟೇಪಿಗೆ ಹಾಕಿ ಅದರ ಕಿರ್ರೆನ್ನುವ ಸದ್ದನ್ನೇ ಅಜ್ಜಿಗೆ ಕೇಳಿಸಿದಳಂತೆ: "ಇದು ನನ್ನ ಚಿತ್ರದ ಹಾಡು, ಕೇಳಬೇ ಯವ್ವಾ." ಕ್ಯಾಸೆಟ್ಟು ಅಲ್ಲೇ ಉಳಿಯಿತು.

ಆ ಮಳೆಗಾಲದಲ್ಲಿ ಅವಳಿಗೆ ಜ್ವರ ಬಂತು. ಮೆದುಳಿಗೇರಿತು ಎಂದರು ಡಾಕ್ಟರು. ವಾರ ತುಂಬುವುದರೊಳಗೆ ಹೋಗಿಬಿಟ್ಟಳು.

ಆಮೇಲೆ ನಮ್ಮಲ್ಲಿ ಅವಳ ಮಾತೇ ಇಲ್ಲ. ನಾನು ಎತ್ತಿದರೆ ಇವರು ಚಪ್ಪಲಿ ಮೆಟ್ಟಿ ಹೊರಗೆ ನಡೆಯುತ್ತಿದ್ದರು. ವರ್ಷ ಕಳೆದ ಮೇಲೆ ಒಂದು ಭಾನುವಾರ, ಕಂಪ್ಯೂಟರಿನ ಧೂಳೊರೆಸಿ ಕ್ಯಾಸೆಟ್ಟು ಹಾಕಿದರು. ಸದ್ದೇನೋ ಬಂತು, ಚಿತ್ರ ಬರಲಿಲ್ಲ. ವಾಲ್ಯೂಮ್ ಏರಿಸಿದರು, ಇಳಿಸಿದರು. ಸ್ಪಿರಿಟ್ ಹತ್ತಿಯಿಂದ ಟೇಪಿನ ಹೆಡ್ ಒರೆಸಿದರು. ವೈರಿನ ಪಿನ್ನು ಹಸಿರುಗಟ್ಟಿ ಸಡಿಲಾಗಿತ್ತು; ಬೆಸುಗೆ ಹಾಕಿದರು. ಟೀವಿಯ ಮೇಲೆ ಮತ್ತೆ ಮತ್ತೆ ಅದೇ ತಪ್ಪಿನ ಸಾಲು.

"ವೈರಿಂದೇ ದೋಷ ಇರಬೇಕು. ಮಾನ್ವಿಯೊಳಗ ನನ್ನ ಗೆಳೆಯನ ಹತ್ರ ಇಂಥಾದೇ ಮಷಿನ್ ಅದ, ಅದರ ವೈರ್ ತರ್ತೀನಿ. ನೀ ದೇವದುರ್ಗಕ್ಕ ಹೋಗಿ ಆ ಕ್ಯಾಸೆಟ್ ತಗೊಂಡ್ ಬಾ," ಎಂದರು.

ತವರಿನಲ್ಲಿ ಬಾಣಂತಿ ತಂಗಿ ಕ್ಯಾಸೆಟ್ಟು ಹುಡುಕಿ ಕೊಟ್ಟಳು. ಅಲ್ಲೇ ಟೇಪಿಗೆ ಹಾಕಿದೆ. ನಮ್ಮವ್ವನ ಜೋಗುಳ ಕೇಳಿಸಿತು.

"ಬರೇ ಕಿರ್ರ್ ಅನ್ನಾಕತ್ತಿತ್ತು ಯಕ್ಕಾ. ಕೆಟ್ಟದ ಅಂತ ತಿಳಕೊಂಡು ಕೂಸಿಗೆ ಅವ್ವನ ಹಾಡು ತುಂಬಿಸಿದ್ನಿ. ಅದರಾಗ ಏನಿತ್ತು?"

ಹೇಳಿದೆ. ಅವಳು ಬಾಯಿಗೆ ಸೆರಗೊತ್ತಿಕೊಂಡು ಕುಸಿದು ಕೂತಳು. ಬೈಯಲು ನನಗೆ ಮನಸ್ಸಾಗಲಿಲ್ಲ. ಅವಳ ಕೂಸನ್ನು ಎತ್ತಿಕೊಂಡು ಸ್ವಲ್ಪ ಹೊತ್ತು ಅಡ್ಡಾಡಿ, ಬಸ್ಸು ಹತ್ತಿದೆ.

ಮನೆ ಸೇರಿದಾಗ ಸಂಜೆ. ಇವರು ಮಾನ್ವಿಯ ವೈರು ಜೋಡಿಸುತ್ತಿದ್ದರು.

"ಅದು ಅಳಿಸಿ ಹೋಗ್ಯದರಿ," ಎಂದೆ.

ತಲೆಯೆತ್ತದೆ ಮನೆಯಲ್ಲಿದ್ದ ಕ್ಯಾಸೆಟ್ಟು ಹಾಕಿ ಟೇಪಿನ ಗುಂಡಿ ಒತ್ತಿದರು. ನಾನು ಕಾಲು ತೊಳೆಯಲು ಹಿತ್ತಲಿಗೆ ಹೋದೆ.

"ಬಾ ಇಲ್ಲಿ! ಲಗೂ ಬಾ!"

ಒದ್ದೆ ಕಾಲಲ್ಲೇ ಓಡಿ ಬಂದೆ. ಟೀವಿಯ ಮೇಲೆ ಮನೆ, ಬಾಗಿಲು, ನಾವು ಮೂವರು. ನಕಲು ತೆಗೆಯಲೆಂದು ಇವರು ಖಾಲಿ ಕ್ಯಾಸೆಟ್ಟಿಗಾಗಿ ಕಪಾಟು ತಡಕಾಡುತ್ತಿದ್ದರು. ಅಷ್ಟರಲ್ಲಿ ಕರೆಂಟು ಹೋಯಿತು.

ಇವರು ಕಪಾಟು ಬಿಟ್ಟು ನನ್ನ ಕಡೆ ತಿರುಗಿದರು.

"ನೋಡಿದೇನು?" ಎಂದರು.

"ನೋಡಿದೆ. ನಿಮಗ ಚಸ್ಮಾ ಹಾಕ್ಯಾಳ."

"ನನ್ನ ಚಸ್ಮಾ ಹಾಕ್ಕೊಂಡು ಕನ್ನಡಿ ಮುಂದ ನಿಂದರ್ತಿದ್ಲು," ಎಂದವರೇ ಗೋಡೆಗೆ ಒರಗಿ ಅತ್ತರು. ಅವಳು ಹೋದಾಗಲೂ ಅವರು ಹಾಗೆ ಅತ್ತಿರಲಿಲ್ಲ.

ಕರೆಂಟು ಬಂದ ಮೇಲೆ ಮತ್ತೆ ಹಾಕಿದರೆ ಹಳೆಯ ರೆಕಾರ್ಡರು ಟೇಪನ್ನೇ ನುಂಗಿ ಮುದುಡಿಬಿಟ್ಟಿತು. ಬಿಡಿಸಿದೆವು, ಪೆನ್ಸಿಲ್ ತೂರಿಸಿ ಸುತ್ತಿದೆವು. ಚಿತ್ರ ಮತ್ತೆ ಬರಲಿಲ್ಲ. ತಿಂಗಳಾದ ಮೇಲೆ ಇವರು ಆ ಕಂಪ್ಯೂಟರನ್ನು ಮಾನ್ವಿಯ ಗೆಳೆಯನಿಗೇ ಕೊಟ್ಟುಬಂದರು.

ಒಂದು ದಿನ ಊಟಕ್ಕೆ ಕೂತಾಗ ಅವರೇ, "ಅಕಿಗೆ ಮೊಸರಿನ ಮ್ಯಾಲಿನ ಕೆನಿ ಭಾಳ ಸೇರತಿತ್ತು," ಎಂದರು. ಹೌದು ಎಂದೆ.