ಮಲ್ಲಪ್ಪ ಕಾಕಾನ ಎರಡನೇ ತಂತಿ

ಚೆನ್ನಾಗಿ ನಡೆಯುತ್ತಿರುವ ತಂತಿಯನ್ನು ಬೇಕಂತಲೇ ಕೀಳುವವರನ್ನು ನಾನು ಕಂಡದ್ದು ಒಬ್ಬರನ್ನೇ. ಅವರು ಮಲ್ಲಪ್ಪ ಕಾಕಾ. ಅಣ್ಣಿಗೇರಿಯ ನಮ್ಮ ಕಾಲೇಜಿನ ಕಂಪ್ಯೂಟರ್ ಲ್ಯಾಬು ನನ್ನ ಸುಪರ್ದಿಯಲ್ಲಿತ್ತು, ಅದರ ತಂತಿಗಳು ಅವರ ಸುಪರ್ದಿಯಲ್ಲಿ. ಟೆಲಿಫೋನ್ ಲೈನ್‌ಮನ್ ಆಗಿ ನಿವೃತ್ತರಾದ ಮೇಲೆ ನೆಟ್‌ವರ್ಕ್ ಕೆಲಸ ಕಲಿತವರು. ಪ್ರತಿ ಶನಿವಾರ ತಿರ್ಲಾಪುರದಿಂದ ಮೋಟಾರ್‌ಸೈಕಲ್ ಮೇಲೆ ಬಂದು, ಬಸಿಯಲ್ಲಿ ಚಹಾ ಸುರಿದುಕೊಂಡು ಕುಡಿದು, ನೇರ ಸರ್ವರ್ ಕೋಣೆಗೆ ನುಗ್ಗುವರು.

ಸರ್ವರ್‌ಗೆ ಎರಡು ತಂತಿ, ಅವನ್ನು ಲ್ಯಾಬಿಗೂ ಆಫೀಸಿಗೂ ಹಂಚುವ ಎರಡು ಪೆಟ್ಟಿಗೆ, ಅಂದರೆ ಸ್ವಿಚ್ಚು. ಒಂದು ಸತ್ತರೆ ಇನ್ನೊಂದು ಕೆಲಸ ಎತ್ತಿಕೊಳ್ಳಬೇಕು. ಕಾಕಾ ಮೊದಲನೆಯದನ್ನು ಕಿತ್ತು ಕೈಯಲ್ಲಿ ಹಿಡಿದು ನಿಲ್ಲುವರು. ಎರಡನೆಯದರ ಹಸಿರು ದೀಪ ಹತ್ತಿದೆ ಎಂದು ನಾನು ಹೇಳಿದರೆ ಸಿಡುಕುವರು.

"ದೀಪ ಹತ್ತಿದ್ರ ಏನಾತ ತಂಗಿ? ಮನ್ಯಾಗ ಲೈಟ್ ಹತ್ತೇತಂದ್ರ ಒಳಗ ಮಂದಿ ಅದಾರಂತೇನು? ಕೂಗಿ ನೋಡು. ಉತ್ತರ ಬಂತೇನು?"

ಒಂದು ಶನಿವಾರ ಹೀಗೆ ಕಿತ್ತಾಗ ಪ್ರಿನ್ಸಿಪಾಲರ ವಿಡಿಯೋ ಮೀಟಿಂಗ್ ಫಕ್ಕನೆ ನಿಂತುಹೋಯಿತು. ಅವರು ಕೆಂಡವಾಗಿ ಓಡಿಬಂದರು. ಕಾಕಾ ಅಲುಗಲಿಲ್ಲ. "ನಾ ಕಿತ್ತೀನಂತ ನಿಮಗ ಗೊತ್ತಾತ್ರಿ ಸರ್, ನನ್ನ ಬೈತೀರಿ. ಇಲಿ ಕಡದಿದ್ರ ಯಾರಿಗೆ ಬೈತಿದ್ರಿ?" ಪ್ರಿನ್ಸಿಪಾಲರಿಗೆ ನಗು ಬಂದುಬಿಟ್ಟಿತು.

ಒಂದು ನೇಮಕಾತಿ ಪರೀಕ್ಷೆಗೆ ನಮ್ಮ ಲ್ಯಾಬು ಕೇಂದ್ರವಾಯಿತು. ಒಂದೇ ತಂತಿಯೊಳಗೆ ಆಫೀಸಿಗೊಂದು, ಪರೀಕ್ಷೆಗೊಂದು ಎಂದು ಬೇರೆ ಬೇರೆ ದಾರಿ ಮಾಡಬಹುದು. ಅದಕ್ಕೆ ವಿಎಲ್ಯಾನ್ ಅನ್ನುತ್ತಾರೆ, ಒಂದೊಂದು ದಾರಿಗೆ ಒಂದೊಂದು ನಂಬರು. ಪರೀಕ್ಷೆಯ ನಂಬರನ್ನು ನಾನೇ ಸೇರಿಸಿದೆ. ಹಚ್ಚಿ ನೋಡಿದಾಗ ಎಲ್ಲ ಸರಿಯಾಗಿ ನಡೆಯಿತು. ಪರೀಕ್ಷೆಯ ಹಿಂದಿನ ದಿನ, ಶನಿವಾರ, ಕಾಕಾ ತಂತಿಗೆ ಕೈಹಾಕಿದಾಗ ನನ್ನ ಸಿಟ್ಟು ನೆತ್ತಿಗೇರಿತು.

"ಕಾಕಾ, ನಾಳೆ ಪರೀಕ್ಷಿ ಐತ್ರಿ. ಚಲೋ ನಡದದ್ದನ್ನ ಕೆಡಸಬ್ಯಾಡ್ರಿ!"

ಅವರು ಕೈ ಹಿಂದೆ ತೆಗೆದರು. "ಆತು ಬಿಡವಾ. ನಿನ್ನ ಲ್ಯಾಬು, ನಿನ್ನ ಮರ್ಜಿ."

ಮರುದಿನ ನಿಯಮದಂತೆ ನನ್ನ ಫೋನು ಇಸಿದುಕೊಂಡು, ನನ್ನನ್ನು ಸರ್ವರ್ ಕೋಣೆಯೊಳಗೆ ಕೂಡಿಸಿ ಹೊರಗಿನಿಂದ ಕೀಲಿ ಹಾಕಿದರು. ಪರೀಕ್ಷೆ ಮುಗಿಯುವವರೆಗೆ ತೆಗೆಯುವಂತಿಲ್ಲ. ಲ್ಯಾಬಿನ ಕಡೆ ಒಂದು ಗಾಜು, ಅಂಗಳದ ಕಡೆ ಸರಳಿನ ಕಿಟಕಿ. ಅರ್ಧ ಗಂಟೆಯಾಗಿರಬೇಕು, ಮೊದಲನೇ ಸ್ವಿಚ್ಚು ಸತ್ತಿತು. ಎರಡನೆಯದರ ದೀಪ ಹಸಿರಾಗಿಯೇ ಇತ್ತು. ಆದರೆ ಗಾಜಿನಾಚೆ ಎಲ್ಲ ಪರದೆಗಳೂ ನಿಂತುಹೋದವು.

ಮೊದಲ ಸಾಲಿನಲ್ಲಿ ದೇವಿಕೊಪ್ಪದ ನೀಲವ್ವ ಕೂತಿದ್ದಳು. "ನನಗಿದು ಕಡೀ ಸಲ ನೋಡ್ರಿ ಮೇಡಂ, ಮುಂದಿನ ವರ್ಷಕ್ಕ ವಯಸ್ಸು ದಾಟತೈತಿ" ಎಂದು ಬೆಳಿಗ್ಗೆ ಗೇಟಿನಲ್ಲಿ ಹೇಳಿದ್ದಳು. ಈಗ ಗಾಜಿನಾಚೆಯಿಂದ ನನ್ನನ್ನೇ ನೋಡುತ್ತಿದ್ದಳು. ಬಾಗಿಲಾಚೆಯಿಂದ ಮೇಲ್ವಿಚಾರಕರು ಕೂಗಿದರು: "ಹದಿನೈದು ನಿಮಿಷದಾಗ ಚಾಲೂ ಆಗ್ಲಿಲ್ಲಂದ್ರ ಈ ಕೇಂದ್ರದ ಪರೀಕ್ಷಿ ರದ್ದು ನೋಡ್ರಿ!" ಬಾಗಿಲು ತೆಗೆಯಿರಿ ಎಂದು ಬೇಡಿಕೊಂಡೆ. ತೆಗೆಯಲಿಲ್ಲ. ಎರಡನೇ ತಂತಿಯನ್ನು ಕಿತ್ತೆ, ಚುಚ್ಚಿದೆ, ಮತ್ತೆ ಕಿತ್ತೆ. ಬೋನಿಗೆ ಬಿದ್ದ ಇಲಿಯಂತೆ ಆ ನಾಲ್ಕು ಗೋಡೆಗಳ ನಡುವೆ ಸುತ್ತಿದೆ.

"ತಂಗಿ, ಉತ್ತರ ಬಂತೇನು?"

ಕಿಟಕಿಯ ಸರಳು ಹಿಡಿದು ಕಾಕಾ ನಿಂತಿದ್ದರು. ಯಾರೂ ಕರೆದಿರಲಿಲ್ಲ. ಬೆಳಗಿನಿಂದ ಅಂಗಳದ ಬೇವಿನ ಗಿಡದ ಕೆಳಗೆ ಕೂತಿದ್ದರಂತೆ.

"ಬರವಲ್ದು ಕಾಕಾ. ದೀಪ ಹತ್ತೇತಿ, ಉತ್ತರ ಇಲ್ಲ."

ಮೇಲ್ವಿಚಾರಕರು ಅಂಗಳಕ್ಕೆ ಓಡಿಬಂದು ಗದರಿದರು. ಕಾಕಾ ತಿರುಗಲೂ ಇಲ್ಲ. "ನಾ ಪ್ರಶ್ನಿ ಕೇಳಾಕತ್ತಿಲ್ರೀ ಸಾಹೇಬ್ರ, ತಂತಿ ಸುದ್ದಿ ಕೇಳಾಕತ್ತೀನಿ. ಬಾಜೂಕ ನಿಂತು ಕೇಳ್ರಿ ಬೇಕಾದ್ರ." ಆಮೇಲೆ ನನಗೆ: "ಆಫೀಸಿಂದು ನಡದೈತೇನು?"

ನೋಡಿದೆ. ನಡೆಯುತ್ತಿತ್ತು.

"ಹಂಗಾರ ತಂತಿ ಜೀವಂತ ಐತಿ. ಪರೀಕ್ಷಿ ನಂಬರ ಎರಡನೇ ಸ್ವಿಚ್ಚಿಗೆ ಹೇಳೀದೇನು?"

ಹೇಳಿರಲಿಲ್ಲ. ಮೊದಲನೆಯದಕ್ಕೆ ಮಾತ್ರ ಹೇಳಿ ಮರೆತಿದ್ದೆ. ಗೊತ್ತಿಲ್ಲದ ನಂಬರನ್ನು ಎರಡನೆಯದು ಸುಮ್ಮನೆ ಹೊರಗೆ ನಿಲ್ಲಿಸಿತ್ತು. ನಿನ್ನೆ ಅವರು ಕಿತ್ತಿದ್ದರೆ ನಿನ್ನೆಯೇ ಗೊತ್ತಾಗುತ್ತಿತ್ತು. ಕೂಡಲೇ ನಂಬರು ಸೇರಿಸಿದೆ. ಗಾಜಿನಾಚೆ ಪರದೆಗಳು ಅಲುಗಿದವು, ನೀಲವ್ವ ತಲೆ ಬಗ್ಗಿಸಿ ಬರೆಯತೊಡಗಿದಳು. ನಾನು ನೆಲದ ಮೇಲೆ ಕುಸಿದು ಕೂತು ಅತ್ತೆ.

ಕಾಕಾ ನನ್ನ ತಪ್ಪನ್ನು ಯಾರ ಮುಂದೆಯೂ ಆಡಲಿಲ್ಲ. ಆದರೆ ಅಲ್ಲಿಂದಾಚೆ ಪ್ರತಿ ಶನಿವಾರ ತಂತಿ ಮುಟ್ಟುವ ಮುಂಚೆ "ಕೀಳಲೇನವಾ?" ಎಂದು ನನ್ನ ಅಪ್ಪಣೆ ಕೇಳುವರು. ಆ ಮಾತು ನನ್ನನ್ನು ಇರಿಯುತ್ತಿತ್ತು.

ಕೊನೆಯ ಸಲ ಅವರನ್ನು ನೋಡಿದ್ದು ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ. ಒಳಗೆ ಬಿಡಲಿಲ್ಲ. ಈಗ ಗಾಜಿನೊಳಗೆ ಅವರು, ಹೊರಗೆ ನಾನು. ಮೂಗಿಗೆ, ಕೈಗೆ ನಳಿಗೆಗಳು. ಅವರಿಗೆ ನನ್ನ ಗುರುತು ಹತ್ತಿತು. ಎರಡು ಬೆರಳು ಕೂಡಿಸಿ ಗಾಳಿಯಲ್ಲಿ ಏನನ್ನೋ ಕಿತ್ತಂತೆ ಮಾಡಿ, ಹುಬ್ಬು ಏರಿಸಿದರು.

"ಕಿತ್ತೀನ್ರಿ ಕಾಕಾ, ಎರಡೂ ಕಡೆ ಉತ್ತರ ಬಂತ್ರಿ!" ಎಂದು ಗಾಜಿಗೆ ಬಾಯಿ ಹಚ್ಚಿ ಕೂಗಿದೆ. ಸುಳ್ಳು. ಅವರು ಹಾಸಿಗೆ ಹಿಡಿದಂದಿನಿಂದ ನಾನು ಆ ಕೋಣೆಗೆ ಕಾಲಿಟ್ಟಿರಲಿಲ್ಲ. ಅವರು ಸಮಾಧಾನದಿಂದ ಕಣ್ಣು ಮುಚ್ಚಿದರು.

ಸಿಕ್ಕ ಬಸ್ಸು ಹತ್ತಿ ನೆಟ್ಟಗೆ ಕಾಲೇಜಿಗೆ ಬಂದೆ. ಮೊದಲನೆಯದನ್ನು ಕಿತ್ತೆ, ನೋಡಿದೆ, ಹಚ್ಚಿದೆ. ಎರಡನೆಯದನ್ನು ಕಿತ್ತೆ. ಎರಡೂ ಕಡೆ ಉತ್ತರ ಬಂತು. ಹೇಳೋಣವೆಂದು ಫೋನು ತೆಗೆಯುವಷ್ಟರಲ್ಲಿ ಅವರ ಮಗಳೇ ಅಳುತ್ತ ಫೋನ್ ಮಾಡಿದಳು.

ಈಗ ಪ್ರತಿ ಶನಿವಾರ ನಾನೇ ಕೀಳುತ್ತೇನೆ. ಕೀಳುವ ಮುಂಚೆ ಅಂಗಳದ ಕಡೆಯ ಕಿಟಕಿ ತೆರೆದಿಡುತ್ತೇನೆ.