ಮುಚ್ಚಿದ ಬಾಯಿಗೆ ಮೂವತ್ತಾರು ಫೋಟೊ

ನಮ್ಮ ಗಣಿತದ ಟೀಚರ್ ತಿದ್ದಿದ ಉತ್ತರಪತ್ರಿಕೆಯಲ್ಲಿ ಅಂಕದ ಪಕ್ಕ ಹೆಬ್ಬೆರಳಿನ ಬೂದು ಗುರುತೊಂದು ಇದ್ದೇ ಇರುತ್ತಿತ್ತು. ಕೆರೆಯ ಜೇಡಿಮಣ್ಣು. ಎಷ್ಟು ತೊಳೆದರೂ ಅವರ ಉಗುರಿನ ಸಂದಿಯಿಂದ ಅದು ಹೋಗುತ್ತಿರಲಿಲ್ಲ.

ಕುಬಟೂರಿನ ನಮ್ಮ ಶಾಲೆಯಲ್ಲಿ ಅವರು ಮಣ್ಣಿನ ಗೊಂಬೆಗಳಿಂದ ಸಿನಿಮಾ ಮಾಡಿಸುತ್ತಿದ್ದರು. ಗೊಂಬೆಯನ್ನು ಕೂದಲೆಳೆಯಷ್ಟು ಸರಿಸುವುದು, ಮೊಬೈಲಿನಲ್ಲಿ ಒಂದು ಫೋಟೊ ತೆಗೆಯುವುದು, ಮತ್ತೆ ಸರಿಸುವುದು. ಹನ್ನೆರಡು ಫೋಟೊ ಸೇರಿದರೆ ಒಂದು ಸೆಕೆಂಡು. ಬೆಳಕು ಬದಲಾಗಬಾರದೆಂದು ಕಿಟಕಿ, ಬಾಗಿಲು ಮುಚ್ಚಿಸುತ್ತಿದ್ದರು. ಮಣ್ಣು ಒಣಗುತ್ತದೆಂದು ಫ್ಯಾನ್ ಇಲ್ಲ. ಮೇಜು ಅಲುಗಿದರೆ ಕೆಟ್ಟಿತೆಂದು ಯಾರೂ ಏಳುವಂತಿಲ್ಲ. ವಿಜ್ಞಾನದ ಕಪ್ಪೆ, ಗಣಿತದ ಲೆಕ್ಕ, ಕನ್ನಡದ ಸಂಭಾಷಣೆ ಎಲ್ಲವೂ ಅದೇ ಸೆಕೆಯಲ್ಲಿ ಬೇಯುತ್ತಿದ್ದವು.

ನನಗೆ ಉಗ್ಗು. ಆ ಕೋಣೆಗಿಂತ ಮೊದಲೇ ನಾನು ನನ್ನ ಬಾಯೊಳಗೆ ಸಿಕ್ಕಿಬಿದ್ದಿದ್ದೆ. ಪ, ಬ, ಕ ಬಂದರೆ ಮುಗಿಯಿತು. ಮನೆಯಲ್ಲಿ ಅಪ್ಪ ಪ್ರೀತಿಯಿಂದಲೇ ನನ್ನ ಮಾತು ಮುಗಿಸಿಬಿಡುತ್ತಿದ್ದ, ಶಾಲೆಯಲ್ಲಿ ಗೆಳತಿಯರು. ಅವರು ಹೇಳಿದ್ದು ನಾನು ಹೇಳಬೇಕೆಂದಿದ್ದಲ್ಲದಿದ್ದರೂ ತಲೆಯಾಡಿಸಿ ಸುಮ್ಮನಾಗುತ್ತಿದ್ದೆ.

ಎಂಟನೇ ತರಗತಿಯಲ್ಲಿ ಗೊದಮೊಟ್ಟೆ ಕಪ್ಪೆಯಾಗುವ ಸಿನಿಮಾ ಮಾಡಿದೆವು. ಕಪ್ಪೆಗೆ ನನ್ನದೇ ದನಿ ಬೇಕೆಂದು ಟೀಚರ್ ಹಟ ಹಿಡಿದರು. ಇದ್ದದ್ದು ಒಂದೇ ಮಾತು, “ಬಾಲ ಹೋಯ್ತು!” ಬಾಗಿಲು ಮುಚ್ಚಿತ್ತು, ಓಡಿಹೋಗುವಂತೆಯೂ ಇರಲಿಲ್ಲ. ಆ ದಿನ ಅವರನ್ನು ಮನಸಾರೆ ದ್ವೇಷಿಸಿದೆ.

ಕಪ್ಪೆಯ ಬಾಯಿಯನ್ನು ನಾವು ಎಲ್ಲರೂ ಮಾತಾಡುವ ವೇಗದ ಅಳತೆಗೆ ಮೊದಲೇ ಆಡಿಸಿ ಫೋಟೊ ತೆಗೆದಿಟ್ಟಿದ್ದೆವು. ನನ್ನ ದನಿ ಸೇರಿಸಿದರೆ, ಕಪ್ಪೆ ಮಾತು ಮುಗಿಸಿ ಕೂತ ಮೇಲೆ ನನ್ನ ‘ಬಾ’ ಹೊರಟಿತು. ಎಲ್ಲರೂ ಬಿದ್ದು ಬಿದ್ದು ನಕ್ಕರು.

“ಟೀಚರ್, ಬೇರೆಯವ್ರ ಕೈಲಿ ಹೇಳ್ಸಣ,” ಎಂದಳು ಪಕ್ಕದ ಗೆಳತಿ.

“ದನಿ ಸರಿಯಾಗೇ ಐತೆ ಕಣೇ. ತಪ್ಪಿದ್ದು ನಮ್ಮ ಲೆಕ್ಕ,” ಎಂದರು ಟೀಚರ್.

ನನ್ನ ದನಿಯನ್ನು ಮೊಬೈಲಿನಲ್ಲಿ ಮತ್ತೆ ಕೇಳಿಸಿದರು. ‘ಬಾ’ ಹೊರಡುವ ಮುನ್ನ ಮೂರು ಸೆಕೆಂಡು ಮೌನ. ಹನ್ನೆರಡು ಮೂರಲಿ ಮೂವತ್ತಾರು ಎಂದು ಬೋರ್ಡಿನಲ್ಲಿ ಬರೆದರು. ಮುಚ್ಚಿದ ಬಾಯಿಯ ಮೂವತ್ತಾರು ಫೋಟೊ ಬೇಕಿತ್ತು.

“ಬರೀ ಬಾಯಿ ಮುಚ್ಚಿಟ್ರೆ ಸಾಲ್ದು. ಆಗ ಏನೇನಾಗ್ತದೆ, ನೀನೇ ಹೇಳೇ,” ಎಂದು ನನ್ನನ್ನು ಕೇಳಿದರು.

ಹಾಗೆ ಯಾರೂ ಕೇಳಿರಲಿಲ್ಲ. ಕತ್ತು ಬಿಗಿಯುತ್ತದೆ, ಕಣ್ಣು ಮುಚ್ಚಿಕೊಳ್ಳುತ್ತದೆ ಎನ್ನಲು ಬಹಳ ಹೊತ್ತು ಹಿಡಿಯಿತು. ಗೆಳತಿ ನಡುವೆ ಬಾಯಿ ಹಾಕಿದಾಗ, “ಅವ್ಳ ಮಾತು ಅವ್ಳೇ ಮುಗಿಸ್ತಾಳೆ, ನೀ ಕಪ್ಪೆ ಕಣ್ಣು ಮಾಡು,” ಎಂದರು. ನಕ್ಕವರೇ ಮಧ್ಯಾಹ್ನವಿಡೀ ಬೆವರು ಒರೆಸಿಕೊಳ್ಳುತ್ತ ನನ್ನ ಮೂರು ಸೆಕೆಂಡುಗಳಿಗೆ ಫೋಟೊ ತೆಗೆದರು.

ಪೋಷಕರ ಸಭೆಯಲ್ಲಿ ಸಿನಿಮಾ ತೋರಿಸಿದಾಗ ಕಪ್ಪೆ ಕತ್ತು ಬಿಗಿದು ನಿಂತಿತು. ಮುಂದೆ ಕೂತಿದ್ದ ಅಪ್ಪನ ತುಟಿ ಎಂದಿನಂತೆ ಅಲುಗಿತು, ಆಮೇಲೆ ಸುಮ್ಮನಾಯಿತು. ಅವನೂ ಕಾದ.

ಉಗ್ಗು ಹೋಗಿಲ್ಲ. ಈಗ ಶಿಕಾರಿಪುರದಲ್ಲಿದ್ದೇನೆ, ದಿನಕ್ಕೆ ಹತ್ತು ಸಲ ಸಿಕ್ಕಿಹಾಕಿಕೊಳ್ಳುತ್ತೇನೆ. ಕಳೆದ ವರ್ಷ ಟೀಚರ್ ತೀರಿಕೊಂಡ ಸುದ್ದಿ ಬಂದಾಗ ಓಡಿಹೋಗಿ ಬಸ್ ಹತ್ತಿದೆ. ಟಿಕೆಟ್ ಕೇಳಲು ‘ಕು’ ಹೊರಡಲಿಲ್ಲ.

“ಎಲ್ಲಿಗ್ರೀ ಅಕ್ಕಾರೆ, ಆನವಟ್ಟಿನಾ?” ಎನ್ನುತ್ತ ಕಂಡಕ್ಟರ್ ಮಷಿನ್ ಒತ್ತಲು ಹೊರಟ.

ಟೀಚರ್ ಸಿಗದೇ ಹೋಗಿದ್ದರೆ ನಾನು ಹೂಂ ಎಂದು, ಊರಿಗಿಂತ ಮೊದಲೇ ಸಿಗುವ ಆನವಟ್ಟಿಯಲ್ಲಿಳಿದು, ಮುಂದಿನ ದಾರಿ ನಡೆಯುವ ಹೆಂಗಸಾಗಿಯೇ ಉಳಿಯುತ್ತಿದ್ದೆ. ಕೈ ಅಡ್ಡ ಹಿಡಿದೆ. ಅವನು ಗೊಣಗಿದ, ಸುತ್ತಲಿನವರು ತಿರುಗಿ ನೋಡಿದರು. ಎಲ್ಲರನ್ನೂ ಕಾಯಿಸಿದೆ.

“ಕುಬಟೂರು.”

ತಲುಪುವಷ್ಟರಲ್ಲಿ ಸಂಸ್ಕಾರ ಮುಗಿದಿತ್ತು, ಮುಖ ನೋಡಲು ಸಿಗಲಿಲ್ಲ. ಆದರೆ ನಾನು ಹೇಳಿದ ಊರಿನಲ್ಲೇ ಇಳಿದಿದ್ದೆ.